ಊರಂಚಿನ 60 ಎಕರೆ ಲೇಔಟ್: ಟ್ರಾಫಿಕ್ ತಕರಾರು ಯಾರಿಗೆ, ಯಾವಾಗ, ಹೇಗೆ ಕೊಡಬೇಕು?

ನೀವು ಕೇಳಿದ್ದು ಇಷ್ಟು: ಬಳ್ಳಾರಿ ಅಂಚಿನಲ್ಲಿ 60 ಎಕರೆಯ ಖಾಸಗಿ ಲೇಔಟ್ ಬರಲಿದೆ, ಸುಮಾರು 900 ಸೈಟು. ಹೋಗಿಬರಲು ಇರುವುದು ನಿಮ್ಮ ಮನೆ ಮುಂದಿನ ಒಂದೇ ರಸ್ತೆ. ಅದರ ಮೇಲೊಂದು ಸಣ್ಣ ಕಾಲುವೆ ಸೇತುವೆ, ಆಚೆ ರೈಲ್ವೆ ಗೇಟು. ಅರ್ಜಿ ಕೊಟ್ಟರೆ ಏನಾದರೂ ಆಗುತ್ತದೆಯೇ?

ಆಗುತ್ತದೆ, ಆದರೆ ನಕ್ಷೆ ಮಂಜೂರಾಗುವ ಮುಂಚೆ ಕೊಟ್ಟರೆ ಮಾತ್ರ. ಲೇಔಟ್‌ಗೆ ಎಷ್ಟು ಬಾಯಿ (ಹೋಗಿಬರುವ ದಾರಿ), ರಸ್ತೆ ಎಷ್ಟು ಅಗಲ, ಪಕ್ಕದ ಜಮೀನಿಗೆ ರಸ್ತೆ ಕೂಡುತ್ತದೋ ಇಲ್ಲವೋ ಎಂಬುದೆಲ್ಲ ತೀರ್ಮಾನವಾಗುವುದು ಆ ನಕ್ಷೆಯಲ್ಲೇ. ಸೈಟು ಮಾರಿ, ಕಾಂಪೌಂಡ್ ಎದ್ದ ಮೇಲೆ ಒಂದು ಅಡಿ ರಸ್ತೆ ಅಗಲ ಮಾಡಬೇಕೆಂದರೂ ಭೂಸ್ವಾಧೀನವೇ ಗತಿ. ಹಾಗಾಗಿ ನನ್ನ ಸಲಹೆ, ಲೇಔಟೇ ಬೇಡ ಎಂದು ಬರೆಯಬೇಡಿ. ಜಮೀನು ವಸತಿ ವಲಯದಲ್ಲಿದ್ದರೆ ಆ ವಾದ ನಿಲ್ಲುವುದಿಲ್ಲ. ಎರಡನೇ ದಾರಿ, ಸೇತುವೆ ಅಗಲ, ತಿರುವಿನ ಜಾಗ ಕೇಳಿ.

ಮೊದಲು ಕಡತ ಯಾವ ಹಂತದಲ್ಲಿದೆ ಎಂದು ಪತ್ತೆ ಮಾಡಿ. ಸರ್ವೆ ನಂಬರುಗಳನ್ನು ಪಹಣಿಯಲ್ಲಿ ನೋಡಿಕೊಂಡು, ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ ತೆಗೆಸಿ. ಹಳದಿ ಬಣ್ಣವಿದ್ದರೆ ವಸತಿ ವಲಯ. ಕೃಷಿ ವಲಯ ಎಂದಿದ್ದರೆ ಭೂ ಉಪಯೋಗ ಬದಲಾವಣೆ ಆಗಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಅದಕ್ಕೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಲೇಬೇಕು. ನಿಮಗೆ ಸಿಗುವ ದೊಡ್ಡ ಬಾಗಿಲು ಇದು, ಪ್ರಕಟಣೆಯಲ್ಲಿ ಹೇಳಿದ ದಿನದೊಳಗೆ ಕೊಡಿ. ಮೊದಲೇ ವಸತಿ ವಲಯವಾಗಿದ್ದರೆ ಕಡತ ಸೀದಾ 17ನೇ ಕಲಂ ಅಡಿ ವಿನ್ಯಾಸ ಮಂಜೂರಾತಿಗೆ ಹೋಗುತ್ತದೆ. ಆಗ ಪತ್ರಿಕಾ ಪ್ರಕಟಣೆಗೆ ಕಾಯುತ್ತ ಕೂರಬೇಡಿ, ನೀವಾಗಿಯೇ ಅರ್ಜಿ ಕೊಡಿ.

ನಕ್ಷೆ ಬಾಯಿಮಾತಿಗೆ ಸಿಗುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮರೆತು ಊರಿನ ಎಲ್ಲ ಲೇಔಟ್‌ಗಳ ಮಾಹಿತಿಯನ್ನೂ ಒಟ್ಟಿಗೆ ಕೇಳಿದ ಅರ್ಜಿಗಳು ಅದೇ ಕಾರಣಕ್ಕೆ ವಾಪಸು ಬರುತ್ತವೆ. ಹೀಗೆ ಬರೆಯಿರಿ: "ಸರ್ವೆ ನಂ. ಇಷ್ಟರ ವಸತಿ ವಿನ್ಯಾಸದ ಅರ್ಜಿ, ಸಲ್ಲಿಸಿದ ನಕ್ಷೆ, ಸಂಪರ್ಕ ರಸ್ತೆಯ ಅಗಲದ ಬಗ್ಗೆ ಸ್ಥಳ ತನಿಖಾ ವರದಿ, ಇತರ ಇಲಾಖೆಗಳ ಅಭಿಪ್ರಾಯ ಪತ್ರಗಳ ದೃಢೀಕೃತ ಪ್ರತಿ ಕೊಡಿ." ಇದರಲ್ಲಿ ಸ್ಥಳ ತನಿಖಾ ವರದಿಯೇ ಮುಖ್ಯ. ರಸ್ತೆ 12 ಮೀಟರ್ ಎಂದು ಅದರಲ್ಲಿ ಬರೆದಿದ್ದು, ನೆಲದ ಮೇಲೆ 7 ಮೀಟರ್ ಇದ್ದರೆ ನಿಮ್ಮ ಅರ್ಧ ಕೆಲಸ ಆದಂತೆ.

ಅದಕ್ಕೆ ನೀವೇ ಅಳೆಯಬೇಕು. 30 ಮೀಟರ್ ಟೇಪು ಹಿಡಿದು ರಸ್ತೆ ಶುರುವಾಗುವಲ್ಲಿ, ನಡುವೆ, ಸೇತುವೆ ಮೇಲೆ ಅಳೆಯಿರಿ. ಪ್ರತಿ ಕಡೆ ಎರಡು ಅಳತೆ: ಡಾಂಬರು ಎಷ್ಟು ಅಗಲ, ಕಾಂಪೌಂಡಿನಿಂದ ಕಾಂಪೌಂಡಿಗೆ ಎಷ್ಟು. ರಸ್ತೆಗಳ ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಲೆಕ್ಕದಲ್ಲಿ ಒಂದು ಲೇನ್ 3.75 ಮೀಟರ್, ಎರಡು ಲೇನಿಗೆ 7 ಮೀಟರ್. ಡಾಂಬರು 7 ಮೀಟರ್ ಇದ್ದು ಸೇತುವೆ 4 ಮೀಟರ್ ಇದ್ದರೆ ಆ ಜಾಗದಲ್ಲಿ ಅದು ಒಂದು ಲೇನಿನ ರಸ್ತೆಯೇ. ಟೇಪು ಕಾಣುವಂತೆ ಫೋಟೊ ತೆಗೆಯಿರಿ.

ಆಮೇಲೆ ವಾಹನ ಎಣಿಕೆ. ಮಂಗಳ, ಬುಧ, ಗುರುವಾರಗಳಲ್ಲಿ ಮಾಡಿ, ಸಂತೆಯ ದಿನ ಮತ್ತು ಶಾಲೆ ರಜೆ ಬಿಟ್ಟು. ಬೆಳಿಗ್ಗೆ 8ರಿಂದ 10.30, ಸಂಜೆ 5ರಿಂದ 8, ಕಾಲು ಗಂಟೆಗೊಂದು ಸಾಲು. ಹೋಗುವ ಕಡೆಗೆ ಇಬ್ಬರು, ಬರುವ ಕಡೆಗೆ ಇಬ್ಬರು ಕೂತರೆ ಸಾಕು. ಬರೇ ಒಟ್ಟು ಸಂಖ್ಯೆ ಬರೆದರೆ ಎಂಜಿನಿಯರ್ ಅದನ್ನು ನೋಡುವುದಿಲ್ಲ, ಅವರ ಲೆಕ್ಕ ನಡೆಯುವುದು ಪಿಸಿಯುನಲ್ಲಿ, ಅಂದರೆ ಪ್ರತಿ ವಾಹನವನ್ನೂ ಕಾರಿಗೆ ಸಮ ಮಾಡಿ. ಐಆರ್‌ಸಿಯ 106ನೇ ಮಾರ್ಗಸೂಚಿ ಪ್ರಕಾರ ಕಾರು 1. ಒಟ್ಟು ವಾಹನಗಳಲ್ಲಿ ಶೇ 10 ಅಥವಾ ಹೆಚ್ಚಿದ್ದರೆ ಬೈಕು 0.75, ಆಟೊ 2, ಬಸ್ಸು ಲಾರಿ 3.7. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಶೇ 5ರಷ್ಟಿದ್ದಾಗಲೇ 4, ಶೇ 10 ದಾಟಿದರೆ 5. ನಮ್ಮ ಕಡೆ ಈ ಕೊನೆಯದನ್ನು ಬಿಡಲೇಬಾರದು. ಭತ್ತ, ಹತ್ತಿ, ಮೆಣಸಿನಕಾಯಿ ಬರುವ ಸುಗ್ಗಿಯಲ್ಲಿ ಇನ್ನೊಂದು ಎಣಿಕೆ ಮಾಡಿ. ಜೂನ್‌ನಲ್ಲಿ ಖಾಲಿ ಕಾಣುವ ರಸ್ತೆ ಡಿಸೆಂಬರ್‌ನಲ್ಲಿ ಬೇರೆಯೇ ಇರುತ್ತದೆ.

ಈಗ ಲೇಔಟಿನ ಪಾಲು ಸೇರಿಸಿ. 900 ಮನೆಯಿಂದ ಬೆಳಗಿನ ಒಂದು ಗಂಟೆಯಲ್ಲಿ 600 ವಾಹನ ಹೊರಡುತ್ತವೆ ಎಂದು ಹಿಡಿಯೋಣ: 420 ಬೈಕು, 100 ಕಾರು, 70 ಆಟೊ, 10 ಶಾಲಾ ಬಸ್ಸು. ಬೈಕು 315, ಕಾರು 100, ಆಟೊ 140, ಬಸ್ಸು ಕಡಿಮೆ ಇರುವುದರಿಂದ ತಲಾ 2.2ರಂತೆ 22, ಒಟ್ಟು 577 ಪಿಸಿಯು. ಮನೆ, ಅಂಗಡಿ, ಪಾರ್ಕಿಂಗ್ ಇರುವ ಎರಡು ಲೇನಿನ ಬಡಾವಣೆ ರಸ್ತೆಗೆ ಅದೇ ಐಆರ್‌ಸಿ ಕೊಡುವ ಮಿತಿ, ಎರಡೂ ದಿಕ್ಕು ಸೇರಿ ಗಂಟೆಗೆ 900 ಪಿಸಿಯು. ರೈಲ್ವೆ ಗೇಟು ಆ ಗಂಟೆಯಲ್ಲಿ ಎಂಟು ನಿಮಿಷದಂತೆ ಮೂರು ಸಲ ಬಿದ್ದರೆ ಉಳಿಯುವುದು 36 ನಿಮಿಷ. ಸರಳ ಲೆಕ್ಕದಲ್ಲಿ 900 ಇಳಿದು 540 ಆಯಿತು. ಅಂದರೆ ಈಗಿರುವ ಒಂದು ವಾಹನವನ್ನೂ ಸೇರಿಸದೆ ರಸ್ತೆ ತುಂಬಿತು. ಬಳ್ಳಾರಿಯ ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ ಕಾದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇಟು ಬಿದ್ದ ಹೊತ್ತು, ಎದ್ದ ಹೊತ್ತು, ಸಾಲು ಎಷ್ಟು ಮೀಟರ್ ಬೆಳೆಯಿತು, ಕರಗಲು ಎಷ್ಟು ನಿಮಿಷ ಹಿಡಿಯಿತು, ಇವನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಆಂಬುಲೆನ್ಸ್ ಸಿಕ್ಕಿಕೊಂಡಿದ್ದು ಕಂಡರೆ ದಿನಾಂಕ ಸಮೇತ ಸೇರಿಸಿ.

"900 ಮನೆ ನಾಳೆಯೇ ಏಳುವುದಿಲ್ಲ" ಎಂದು ಅಧಿಕಾರಿಗಳು ಹೇಳುತ್ತಾರೆ. ನಿಜ, ಸೈಟು ತುಂಬಲು ವರ್ಷಗಟ್ಟಲೆ ಹಿಡಿಯುತ್ತದೆ. ಆದರೆ ರಸ್ತೆಯ ಅಗಲ ಇವತ್ತೇ ಗಟ್ಟಿಯಾಗುತ್ತದೆ. ಅರ್ಜಿಯಲ್ಲಿ ಈ ಮಾತನ್ನು ನೀವೇ ಮೊದಲು ಬರೆದುಬಿಡಿ.

ಕೇಳಬೇಕಾದ್ದು: ಬೇರೆ ರಸ್ತೆಗೆ ತೆರೆಯುವ ಎರಡನೇ ಬಾಯಿ. ಸೈಟು ಬಿಡುಗಡೆಗೆ ಮುಂಚೆ ಸೇತುವೆ ಅಗಲೀಕರಣ. ಕೂಡುವಲ್ಲಿ ಮೂಲೆ ಸೈಟು ಕತ್ತರಿಸಿ ತಿರುವಿಗೆ ಜಾಗ. ಪಕ್ಕದ ಜಮೀನಿನ ಗಡಿಯವರೆಗೆ ರಸ್ತೆ. ಕಾಮಗಾರಿ ಲಾರಿಗಳಿಗೆ ಶಾಲೆ ಹೊತ್ತಲ್ಲಿ ನಿಷೇಧ. ಜೊತೆಗೆ ಗೋಡೆ ಕಟ್ಟಿ ಗೇಟು ಹಾಕಬಾರದು ಎಂಬ ಷರತ್ತು, ಇದನ್ನು ಹೆಚ್ಚಿನವರು ಬಿಡುತ್ತಾರೆ. ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಲೇಔಟ್ ರಸ್ತೆ ಸಾರ್ವಜನಿಕ ರಸ್ತೆ. ಅದನ್ನು ಮುಚ್ಚಿದರೆ ಅಷ್ಟೂ ವಾಹನ ನಿಮ್ಮ ರಸ್ತೆಗೇ ಬರುತ್ತದೆ.

ಅರ್ಜಿ ಪ್ರಾಧಿಕಾರದ ಆಯುಕ್ತರಿಗೆ, ಅದರ ನಕಲು ಜಿಲ್ಲಾಧಿಕಾರಿ, ಪಾಲಿಕೆ ಆಯುಕ್ತರು, ಸಂಚಾರ ಪೊಲೀಸ್, ಲೋಕೋಪಯೋಗಿ ಕಾರ್ಯಪಾಲಕ ಎಂಜಿನಿಯರ್‌ಗೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆ ಸಭೆಯ ವಿಷಯಪಟ್ಟಿಗೆ ಸೇರಿಸಿ ಎಂದು ಬೇರೆಯಾಗಿ ಕೇಳಿ. ಎಲ್ಲ ಕಡೆ ಇನ್‌ವರ್ಡ್ ನಂಬರ್ (ಅರ್ಜಿ ಸ್ವೀಕರಿಸಿದ ಸಂಖ್ಯೆ) ಹಾಕಿಸಿಕೊಳ್ಳಿ. ಲೇಔಟ್ ನೇರವಾಗಿ 67 ಅಥವಾ 150ಎ ಹೆದ್ದಾರಿಗೆ ತೆರೆಯುವುದಾದರೆ ಹೆದ್ದಾರಿ ಇಲಾಖೆಯ ಪ್ರವೇಶ ಅನುಮತಿ ಬೇಕು. ಅದರ ಪ್ರತಿಯನ್ನೂ ಕೇಳಿ.

ಪರಿಸರ ಅನುಮತಿ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. 2006ರ ಅಧಿಸೂಚನೆಯ ಮಿತಿ 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ, ಇಲ್ಲವೇ ಕಟ್ಟಡವಾದರೆ 20,000 ಚದರ ಮೀಟರ್. ಬರೇ ಸೈಟಿನ 60 ಎಕರೆ ಅದರೊಳಗೆ ಬರುವುದಿಲ್ಲ. ಅದೇ ಮಾಲೀಕರ ಪಕ್ಕದ ಸರ್ವೆ ನಂಬರುಗಳು ಬೇರೆ ಕಡತದಲ್ಲಿ ಓಡುತ್ತಿವೆಯೇ, ಎಲ್ಲ ಸೇರಿದರೆ ಆ ಮಿತಿ ದಾಟುತ್ತದೆಯೇ ಎಂದು ಮಾತ್ರ ನೋಡಿ.

ತಾತ್ಕಾಲಿಕ ಅನುಮೋದನೆ ಆಗಿಹೋಗಿದ್ದರೂ ಸುಮ್ಮನಾಗಬೇಡಿ. ರಸ್ತೆ, ಚರಂಡಿ, ಒಳಚರಂಡಿ, ವಿದ್ಯುತ್ ಕೆಲಸ ಮುಗಿಸಿದ ಮೇಲೆಯೇ ಅಂತಿಮ ಅನುಮೋದನೆ. ಮಂಜೂರಾದ ನಕ್ಷೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಹಿಡಿದು ನೆಲದ ಮೇಲಿನ ರಸ್ತೆಗಳನ್ನು ಅಳೆದು, ಕಡಿಮೆ ಬಿದ್ದ ಕಡೆಯ ಫೋಟೊ ಸಮೇತ ಅಂತಿಮ ಅನುಮೋದನೆಗೆ ಮುಂಚೆ ಆಕ್ಷೇಪಣೆ ಕೊಡಿ. ಉತ್ತರವೇ ಬರದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ, ಬಳ್ಳಾರಿಗೆ ಧಾರವಾಡ ಪೀಠ. ಅಲ್ಲಿ ವಕೀಲರು ಮೊದಲು ಕೇಳುವುದು ಆ ಇನ್‌ವರ್ಡ್ ನಂಬರಿನ ಪ್ರತಿಗಳನ್ನೇ.