ತಾತನ 1973ರ ಕಾರು: ಪೂರ್ತಿ ಬಿಚ್ಚಿಸಬೇಕಾ, ಓಡುವಷ್ಟು ಮಾಡಿಸಿದರೆ ಸಾಕಾ?

ತೀರ್ಥಹಳ್ಳಿ ಹತ್ತಿರದ ಮನೆಯ ಶೆಡ್ಡಿನಲ್ಲಿ ತಾತನ 1973ರ ಪದ್ಮಿನಿ ಹನ್ನೊಂದು ವರ್ಷದಿಂದ ನಿಂತಿದೆ, ನಂಬರು ಎಂ.ವೈ. ಅಂತ ಶುರುವಾಗುತ್ತದೆ, ಗ್ಯಾರೇಜಿನವರು ಪೂರ್ತಿ ಬಿಚ್ಚಿ ಹೊಸದರ ಹಾಗೆ ಮಾಡಿಕೊಡುತ್ತೇವೆ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಒಂದು ಅನುಮಾನ ಮೊದಲೇ ಹೇಳಿಬಿಡುತ್ತೇನೆ. 1973ರದ್ದಾದರೆ ಅದು ಪದ್ಮಿನಿ ಆಗಿರಲಿಕ್ಕಿಲ್ಲ. ಫಿಯಟ್ 1100 ಡಿಲೈಟ್ ಅಂತ ಬರುತ್ತಿದ್ದ ಕಾರಿಗೆ ಮುಂಬೈಯ ಪ್ರೀಮಿಯರ್ ಕಂಪನಿ ಎಪ್ಪತ್ತರ ದಶಕದ ಶುರುವಿನಲ್ಲಿ ತನ್ನ ಹೆಸರು ಹಾಕಿತು. ಆಗ ಅದು ಪ್ರೀಮಿಯರ್ ಪ್ರೆಸಿಡೆಂಟ್. ಪದ್ಮಿನಿ ಅನ್ನೋ ಹೆಸರು ಬಂದದ್ದು 1974ರಲ್ಲಿ. ಕಾರಿನ ಮೇಲೆ 'ಪ್ರೆಸಿಡೆಂಟ್' ಅನ್ನುವ ಬಿಲ್ಲೆ ಇದೆಯಾ ನೋಡಿ. ಇದ್ದರೆ ಯಾರ ಮಾತಿಗೂ ಅದನ್ನು ತೆಗೆದು ಪದ್ಮಿನಿ ಬಿಲ್ಲೆ ಅಂಟಿಸಬೇಡಿ. ಪ್ರೆಸಿಡೆಂಟ್ ಅನ್ನೋ ಹೆಸರಿನಲ್ಲಿ ಕಾರು ಬಂದದ್ದು ಸ್ವಲ್ಪ ಕಾಲ ಮಾತ್ರ.

ಇನ್ನು ನಿಮ್ಮ ಪ್ರಶ್ನೆ. ನನ್ನ ಅಭಿಪ್ರಾಯ ಇಷ್ಟೇ: ಕಣ್ಣಿಗೆ ಕಾಣದ್ದನ್ನು ಪೂರ್ತಿ ಮಾಡಿಸಿ, ಕಾಣುವುದನ್ನು ಆದಷ್ಟು ಮುಟ್ಟಬೇಡಿ. ನಾನು ಇದರ ಉಲ್ಟಾ ಮಾಡಿ ಕೆಟ್ಟವನು. ಚಿಕ್ಕಪ್ಪನ 1983ರ ಪದ್ಮಿನಿಯನ್ನು ಒಂದು ಗ್ಯಾರೇಜಿಗೆ ಬಿಟ್ಟೆ. ಎರಡೇ ದಿನದಲ್ಲಿ ಪೂರ್ತಿ ಬಿಚ್ಚಿ ಹಾಕಿದರು, ನೋಡೋಕೆ ಭಾರಿ ಉತ್ಸಾಹ. ಜೋಡಿಸೋಕೆ ಎರಡು ವರ್ಷ. ಅಷ್ಟರಲ್ಲಿ ಮುಂದಿನ ತ್ರಿಕೋನ ಗಾಜಿನ ಫ್ರೇಮು ಒಂದು ಕಾಣೆ, ಬಾಗಿಲ ಬೀಡಿಂಗು ಅರ್ಧ ಕಾಣೆ, ಬಿಚ್ಚಿದ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಯಾವ ಬೋಲ್ಟು ಎಲ್ಲಿಯದು ಅಂತ ತಲೆಯಲ್ಲಿ ಇಟ್ಟುಕೊಂಡಿದ್ದವನು ಅವನೊಬ್ಬನೇ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿ ಎಲ್ಲ ಅಲೆದೆ. ಖರ್ಚು ಮೊದಲು ಹೇಳಿದ್ದರ ಎರಡೂವರೆ ಪಟ್ಟು ಆಯಿತು. ಪೇಂಟು ಮಾತ್ರ ಕನ್ನಡಿ ಥರ ಹೊಳೆಯುತ್ತಿತ್ತು. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲ ಕೆಳಗೆ ಗುಳ್ಳೆ ಎದ್ದವು. ತುಕ್ಕಿನ ಮೇಲೆಯೇ ಪುಟ್ಟಿ ಬಳಿದಿದ್ದರು.

ತುಕ್ಕಿನ ಬಗ್ಗೆ ಇಷ್ಟು ಹೇಳೋಕೆ ಕಾರಣ ಇದೆ. ಜೀಪಿಗೋ ಲಾರಿಗೋ ಇರುವ ಹಾಗೆ ಈ ಕಾರಿಗೆ ಬೇರೆ ಚಾಸಿಸ್, ಅಂದರೆ ಭಾರ ಹೊರುವ ಕೆಳಗಿನ ಚೌಕಟ್ಟು ಇಲ್ಲ, ಬಾಡಿಯೇ ಚಾಸಿಸ್. ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಭಾಗ, ಫ್ಲೋರು, ಹಿಂದಿನ ಸ್ಪ್ರಿಂಗು ಕೂರುವ ಜಾಗ, ಇವೇ ಭಾರ ಹೊರುವುದು. ಅವು ತಿಂದು ಹೋಗಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬಾರದು. ನಿಮ್ಮ ಕಡೆಯ ಮಳೆಗೆ ಮಣ್ಣಿನ ನೆಲದ ಶೆಡ್ಡಾದರೆ ಥಂಡಿ ಕೆಳಗಿನಿಂದಲೇ ಏರುತ್ತದೆ. ಹಾಗಾಗಿ ಎಷ್ಟು ಮಾಡಿಸಬೇಕು ಅನ್ನೋದನ್ನು ನೀವೂ ತೀರ್ಮಾನಿಸಲಾರಿರಿ, ಗ್ಯಾರೇಜಿನವರೂ ತೀರ್ಮಾನಿಸಲಾರರು, ಕಾರಿನ ಹೊಟ್ಟೆ ನೋಡಬೇಕು. ಮ್ಯಾಟೆಲ್ಲ ಕಿತ್ತು, ಕೆಳಗೆ ಮಲಗಿ, ಹಳೇ ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಚುಚ್ಚಿ. ಟಣ್ ಅಂದರೆ ಸರಿ, ಒಳಗೆ ಹೋದರೆ ಆ ಜಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಹೊರಗಡೆಗೆ ಕರವಸ್ತ್ರದಲ್ಲಿ ಸುತ್ತಿದ ಮ್ಯಾಗ್ನೆಟ್ ಸಾಕು, ಅಂಟದ ಕಡೆ ಪುಟ್ಟಿ ಇದೆ ಅಂತ ಅರ್ಥ. ಬೆಸುಗೆ ಹಾಕಿಸುವಾಗ ಎರಡೂ ಬದಿ ಒಟ್ಟಿಗೆ ಕತ್ತರಿಸೋಕೆ ಬಿಡಬೇಡಿ. ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಕೊಟ್ಟು, ಒಂದು ಬದಿ ಮುಗಿಸಿ, ಬಾಗಿಲು ಸರಿಯಾಗಿ ಕೂರುತ್ತದಾ ನೋಡಿಕೊಂಡು ಇನ್ನೊಂದಕ್ಕೆ ಹೋಗಬೇಕು.

ಆಮೇಲೆ ಬ್ರೇಕು. ನಾಲ್ಕೂ ಚಕ್ರಕ್ಕೆ ಡ್ರಮ್ಮು. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಬ್ರೇಕ್ ಆಯಿಲ್ ನೀರು ಹೀರಿ ವೀಲ್ ಸಿಲಿಂಡರ್‌ಗಳು ಕಚ್ಚಿಕೊಂಡಿರುತ್ತವೆ. ಸಿಲಿಂಡರು, ಹೋಸು, ಪೈಪು ಎಲ್ಲ ಹೊಸದು, ಇಲ್ಲಿ ಉಳಿತಾಯ ಬೇಡ. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಸಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು, ಆ ಕಾಲದ ರಬ್ಬರು ಅದಕ್ಕೆ ತಡೆಯುವುದಿಲ್ಲ. ಪೈಪು, ಪಂಪಿನ ಡಯಾಫ್ರಮ್ಮು, ಕಾರ್ಬುರೇಟರ್ ಕಿಟ್ಟು ಎಲ್ಲ ಬದಲಾಯಿಸಲೇಬೇಕು. ಎಂಜಿನ್ 1089 ಸಿಸಿಯ ಸರಳ ಜೀವ, ಬೋರು, ಅಂದರೆ ಸಿಲಿಂಡರಿನ ಒಳಗೋಡೆ, ಎಷ್ಟು ಸವೆದಿದೆ ಅಂತ ನೋಡದೆ ಎಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡೋಕೆ ಒಪ್ಪಬೇಡಿ. ಯಾರಾದರೂ ಬೇರೆ ವ್ಯಾನಿನ ಎಂಜಿನ್ ಕೂರಿಸೋಣ ಅಂದರೆ ಅಲ್ಲಿಂದ ಎದ್ದು ಬನ್ನಿ.

ಎದ್ದು ಬನ್ನಿ ಅಂದದ್ದಕ್ಕೆ ಕಾಗದಪತ್ರದ ಕಾರಣವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಿಮ್ಮದು ಐವತ್ತು ದಾಟಿದೆ. ಈಗಾಗಲೇ ನೋಂದಣಿ ಇರುವ ವಾಹನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಾಯಿಸಿದರೆ 'ವಿಎ' ಸೀರೀಸ್ ಕೊಡುತ್ತಾರೆ. 1973ರ ನವೆಂಬರ್ 1ರವರೆಗೂ ನಮ್ಮದು ಮೈಸೂರು ರಾಜ್ಯ, ನಿಮ್ಮ ಎಂ.ವೈ. ಆ ಹೆಸರಿನದು. ಕ್ರೋಮ್ ಬಂಪರ್ ಮತ್ತೆ ಮಾಡಿಸಬಹುದು, ಆ ನಂಬರು ಹೋದರೆ ಹೋಯಿತು. ಆದ್ದರಿಂದ ಗ್ಯಾರೇಜಿಗಿಂತ ಮೊದಲು ಆರ್‌ಸಿ ತಗೊಂಡು ಆರ್‌ಟಿಒ ಕಚೇರಿಗೆ ಹೋಗಿ, ಅದು ಜೀವಂತ ಇದೆಯಾ ವಿಚಾರಿಸಿ. ಒಂದು ಎಚ್ಚರಿಕೆ: ವಿಂಟೇಜ್ ನೋಂದಣಿಯಾದರೆ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಹೋಗಿಬರುವುದು ಇಂಥದ್ದಕ್ಕೆ ಮಾತ್ರ. ಭಾನುವಾರ ಅಜ್ಜಿಯನ್ನು ಕೂರಿಸಿಕೊಂಡು ಆಗುಂಬೆಗೆ ಹೋಗುವ ಆಸೆ ಇದ್ದರೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿ.

ಪೇಂಟು, ಸೀಟು ಕೊನೆಗೆ. ಹಳೇ ಪೇಂಟು ಮಂಕಾಗಿದ್ದರೆ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ನೋಡಿ, ಎಷ್ಟೋ ಸಲ ಬಣ್ಣ ಎದ್ದು ಬರುತ್ತದೆ. ಪೂರ್ತಿ ಹೊಡೆಸಲೇಬೇಕಾಗಿ ಬಂದರೂ ಡಿಕ್ಕಿಯ ಒಳಗಿನ ಮೂಲ ಬಣ್ಣ ಹಾಗೇ ಇರಲಿ, ಮುಂದೆ ಶೇಡ್ ಹೊಂದಿಸೋಕೆ ಅದೊಂದೇ ಸಾಕ್ಷಿ. ತಾತ ಕೂತು ಕೂತು ನುಣುಪಾದ ಸೀಟಿನ ರೆಕ್ಸಿನ್ ಹರಿದಿಲ್ಲದಿದ್ದರೆ ಯಾಕೆ ಬದಲಿಸುತ್ತೀರಿ? ಧರ್ಮಸ್ಥಳದ ಕಾರ್ ಮ್ಯೂಸಿಯಂ ನಿಮಗೆ ದೂರವಲ್ಲ, ಒಂದು ಸಲ ಹೋಗಿ ನೋಡಿ ಬನ್ನಿ. ಅಲ್ಲಿ ನಿಂತಿರುವ ಕಾರಿಗೂ ಮನೆಯವರು ಓಡಿಸುವ ಕಾರಿಗೂ ಬೇಕಾದ್ದು ಬೇರೆ ಬೇರೆ.

ಫ್ಲೋರಿನದ್ದು, ಬಾಗಿಲ ಕೆಳಗಿನದ್ದು ನಾಲ್ಕು ಫೋಟೊ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರೂ ಬ್ಯಾಟರಿ ತಂದು ಸೆಲ್ಫ್ ಹೊಡೆಯದಂತೆ ನೋಡಿಕೊಳ್ಳಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕೂ ತೂತಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇರಲಿ, ಆಮೇಲೆ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ.