ಟ್ಯೂನ್ ನಿಮ್ಮದು, ಕಥೆ ಅಣ್ಣನದು

ಈ ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ. ಅಂದರೆ, ಪೂರ್ತಿ ಅವರ ಮೇಲಲ್ಲ.

ಬರೆದವರು ಜಾಝ್ ಪಿಯಾನೋ ನುಡಿಸುತ್ತಾರೆ. ಜೊತೆಗೆ ಬಾಸ್, ಡ್ರಮ್ಸ್, ಒಟ್ಟು ಮೂವರ ತಂಡ. ಅಣ್ಣ ವಿಪರೀತ ಕುಡಿಯುತ್ತಿದ್ದ ಕಾಲದಲ್ಲಿ ನಡುರಾತ್ರಿ ಬಾಗಿಲ ಹೊರಗೆ ನಿಂತು ಬೀಗಕ್ಕೆ ಕೀ ಹಾಕಲು ತಡಕಾಡುತ್ತಿದ್ದರಂತೆ. ಆ ಸದ್ದನ್ನೇ ಹಿಡಿದು ಇವರು ಒಂದು ಟ್ಯೂನ್ ಕಟ್ಟಿದ್ದಾರೆ. ಏಳು ಬೀಟ್‌ಗಳ ಲೆಕ್ಕ, ಎಡಗೈ ಬೇಕಂತಲೇ ಎಡವುತ್ತದೆ. ಹೆಸರು ‘ಬೀಗ’. ಅಣ್ಣ ಕುಡಿತ ಬಿಟ್ಟು ಈಗ ಮೂರು ವರ್ಷ. ಮೊನ್ನೆ ಮೊದಲ ಸಲ ತಂಗಿಯ ಕಾರ್ಯಕ್ರಮಕ್ಕೆ ಬಂದವರು ನಡುವೆ ಎದ್ದು ಹೋದರು. ‘ಅದನ್ನು ಇನ್ನು ನುಡಿಸಬೇಡ’ ಎಂದಿದ್ದಾರೆ. ‘ನಾನು ಅನುಭವಿಸಿದ್ದನ್ನು ನಾನೇ ನುಡಿಸಬಾರದಾ?’ ಇದು ಇವರ ಪ್ರಶ್ನೆ.

ಎರಡು ಪುಟದ ಪತ್ರದಲ್ಲಿ ಒಂದು ಸಾಲು ಸುಮ್ನೆ ಬಂದು ಹೋಗುತ್ತದೆ: ‘ನಾನು ಹಿನ್ನೆಲೆ ಹೇಳುತ್ತಿದ್ದೆ, ಜನ ನಗುತ್ತಿದ್ದರು, ಅಣ್ಣ ಆಗಲೇ ಎದ್ದರು.’

ಆಗಲೇ! ಅಂದರೆ ನಿಮ್ಮ ಅಣ್ಣ ಆ ಟ್ಯೂನ್ ಕೇಳಿಯೇ ಇಲ್ಲ. ಅವರು ಕೇಳಿದ್ದು ಮೈಕ್‌ನಲ್ಲಿ ನೀವು ಹೇಳಿದ ಕಥೆ, ಅದಕ್ಕೆ ಬಿದ್ದ ನಗು.

ನನ್ನ ಹಳೇ ಓದುಗರಿಗೆ ಗೊತ್ತು, ಮೈಕ್ ಹಿಡಿದು ಮನೆ ಮಾತು ಆಡುವವರನ್ನು ಕಂಡರೆ ನನಗಾಗುವುದಿಲ್ಲ. ಪಿಯಾನೋ ಮುಂದೆ ಕೂತವರಿಗಂತೂ ಅದರ ಅಗತ್ಯವೇ ಇಲ್ಲ.

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತಮ್ಮ ಹೆಂಡತಿ ನೈಮಾ ಹೆಸರಲ್ಲಿ ಒಂದು ಟ್ಯೂನ್ ಬರೆದರು, 1959ರಲ್ಲಿ ರೆಕಾರ್ಡ್ ಮಾಡಿದರು. ಅದರಲ್ಲಿ ಅವರ ಸ್ಯಾಕ್ಸೊಫೋನ್ ಹೆಚ್ಚುಕಡಿಮೆ ರಾಗವನ್ನಷ್ಟೇ ಮೆಲ್ಲಗೆ ನುಡಿಸುತ್ತದೆ, ಸೋಲೋ, ಅಂದರೆ ಒಬ್ಬರೇ ಆ ಕ್ಷಣಕ್ಕೆ ಕಟ್ಟಿ ನುಡಿಸುವ ಭಾಗ, ಪಿಯಾನೋದವರಿಗೆ. 1963ರಲ್ಲಿ ಗಂಡ ಹೆಂಡತಿ ಬೇರೆಯಾದರು. ಟ್ಯೂನ್ ಮಾತ್ರ ಅವರನ್ನು ಬಿಡಲಿಲ್ಲ. 1966ರ ಲೈವ್ ರೆಕಾರ್ಡಿಂಗ್‌ನಲ್ಲಿ ಅದೇ ಟ್ಯೂನ್ ಕೇಳಿ, ಗುರುತು ಸಿಗುವುದೇ ಕಷ್ಟ ಅನ್ನುವಷ್ಟು ಬದಲಾಗಿದೆ. ಹೆಸರು ಅದೇ, ಒಳಗಿನದೆಲ್ಲ ಬೇರೆ.

ಜಾಝ್ ಅಂದರೆ ಇದೇ ಅಲ್ವಾ? ನಿಮ್ಮ ಸೋಲೋ ದಿನಾ ಹೊಸದು. ಆದರೆ ನೀವು ಹೇಳುವ ಆ ಕಥೆ? ಅದು ಬಾಯಿಪಾಠ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗು ಬರುತ್ತದೆ, ಎಲ್ಲ ನಿಮಗೆ ಗೊತ್ತು. ಅಣ್ಣ ಮೂರು ವರ್ಷದ ಹಿಂದೆಯೇ ಒಳಗೆ ಬಂದಾಯಿತು. ನೀವು ಮಾತ್ರ ಪ್ರತಿ ಕಾರ್ಯಕ್ರಮದಲ್ಲೂ ಅವರನ್ನು ಮತ್ತೆ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೀರಿ.

ಇನ್ನು ನಿಮ್ಮ ಡ್ರಮ್ಮರ್. ‘ಕಥೆ ಹೇಳಿದರೆ ಜನ ಹತ್ತಿರ ಆಗುತ್ತಾರೆ’ ಎಂದು ಈ ಚಾಳಿ ಹಚ್ಚಿದ್ದು ಅವರೇ ಎಂದು ಬರೆದಿದ್ದೀರಿ. ಅವರಿಗೇನು, ಅಣ್ಣ ಅವರದಲ್ಲವಲ್ಲ. ಅಷ್ಟು ಹತ್ತಿರ ಆಗಬೇಕಿದ್ದರೆ ಅವರ ಮನೆಯ ಕಥೆ ಅವರೇ ಹೇಳಲಿ.

ಟ್ಯೂನ್ ಬಿಡಬೇಡಿ. ಹಾಸಿಗೆಯಲ್ಲಿ ಎಚ್ಚರವಾಗಿ ಮಲಗಿ ಆ ಸದ್ದು ಕೇಳಿದವರು ನೀವು. ಆ ರಾತ್ರಿಗಳು ನಿಮ್ಮವೂ ಹೌದು, ಅಣ್ಣ ಬೇಡ ಅಂದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ಈ ವಿಷಯದಲ್ಲಿ ಅವರ ಮಾತು ನಾನು ಒಪ್ಪುವುದಿಲ್ಲ. ಹೆಸರೂ ಇರಲಿ. ಕಥೆ ಹೇಳದಿದ್ದರೆ ‘ಬೀಗ’ ಬರೀ ಬೀಗ, ಯಾರ ಮನೆಯದು ಅಂತ ಯಾರಿಗೂ ತಿಳಿಯುವುದಿಲ್ಲ.

ಮಾಡಬೇಕಾದ್ದು ಒಂದೇ. ಮುಂದಿನ ಕಾರ್ಯಕ್ರಮದಲ್ಲಿ ಆ ಟ್ಯೂನ್‌ಗೆ ಮೊದಲು ಒಂದು ಮಾತೂ ಆಡಬೇಡಿ. ನಡುವೆ ಮೌನ ಜಾಸ್ತಿ ಆಯಿತು ಎಂದು ಡ್ರಮ್ಮರ್ ಗೊಣಗಿದರೆ, ಏಳರವರೆಗೆ ಎಣಿಸಿ ಶುರು ಮಾಡಲು ಹೇಳಿ.