ಓದುಗರ ಪ್ರಶ್ನೆ: ಬೀಡಿ ಮುಟ್ಟಿಲ್ಲ, ಎದೆ ಯಾಕೆ ಹೊಡೆದುಕೊಳ್ಳುತ್ತೆ?

ಪ್ರಶ್ನೆ: ನಮ್ಮದು ಹುಣಸೂರು ಕಡೆ ಹಳ್ಳಿ. ಹೊಗೆಸೊಪ್ಪು ಬೆಳೆಯುತ್ತೇವೆ. ನಾನು ಬೀಡಿ, ಕಡ್ಡಿಪುಡಿ ಯಾವುದನ್ನೂ ಮುಟ್ಟಿದವಳಲ್ಲ. ಆದರೆ ಮಳೆಯಲ್ಲಿ ಸೊಪ್ಪು ಮುರಿದ ದಿನ ಸಂಜೆ ಹೊತ್ತಿಗೆ ತಲೆಸುತ್ತು, ವಾಂತಿ, ಎದೆ ಡವಡವ. ನಮ್ಮ ಮನೆಯವರು ಬೀಡಿ ಸೇದುತ್ತಾರೆ, ಅವರಿಗೆ ಏನೂ ಆಗಲ್ಲ. 'ನಿಂದು ಸುಮ್ನೆ ನಾಟಕ' ಅಂತಾರೆ.

ಉತ್ತರ: ನಾಟಕ ಅಲ್ಲ ತಾಯಿ. ಇದಕ್ಕೆ ಹೆಸರೇ ಇದೆ, ಗ್ರೀನ್ ಟೊಬ್ಯಾಕೋ ಸಿಕ್ನೆಸ್, ಅಂದರೆ ಹಸಿ ಹೊಗೆಸೊಪ್ಪಿನ ಕಾಯಿಲೆ ಅಂತ. ಹಸಿ ಎಲೆ ಮೇಲೆ ಮಳೆ ನೀರೋ ಇಬ್ಬನಿಯೋ ನಿಂತರೆ ಎಲೆಯ ನಿಕೋಟಿನ್ ಆ ನೀರಿಗೆ ಇಳಿಯುತ್ತೆ. ಮುರಿದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಸಾಲಿನುದ್ದಕ್ಕೂ ನಡೆಯುತ್ತೀರಲ್ಲ, ರವಿಕೆ ತೋಳು ಒದ್ದೆಯಾಗಿ ಮೈಗೆ ಅಂಟಿಕೊಂಡಿರುತ್ತೆ, ಅಲ್ಲಿಂದ ಚರ್ಮದ ಮೂಲಕ ನಿಕೋಟಿನ್ ನೇರವಾಗಿ ರಕ್ತಕ್ಕೆ. ಹೊಗೆಯೇ ಬೇಕಾಗಿಲ್ಲ.

ಒಳಗೆ ಹೋದ ಮೇಲೆ ಏನು ಮಾಡುತ್ತೆ? ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಬಳಸುತ್ತವೆ. ನಿಕೋಟಿನ್ ಅದರ ವೇಷ ಹಾಕಿಕೊಂಡು ಬರುತ್ತೆ. ಬಸ್ಸಿನಲ್ಲಿ ಯಾರೋ ತುಂಟ ಹುಡುಗ ಕಂಡಕ್ಟರ್ ಹಾಗೆ ಸೀಟಿ ಊದಿದರೆ ಡ್ರೈವರ್ ಗಾಡಿ ಬಿಟ್ಟುಬಿಡುತ್ತಾನಲ್ಲ, ಹಾಗೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಸೀಟಿ ಕೇಳಿಸಿ ಅಡ್ರಿನಲಿನ್ ಸುರಿಯುತ್ತೆ, ಹೃದಯ ಓಡುತ್ತೆ, ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ. ಕತ್ತಿನ ಎರಡೂ ಕಡೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಕಾಳಿನಷ್ಟು ಚಿಕ್ಕ ಅಂಗ ಇದೆ. ಅದೂ ಮೋಸ ಹೋಗಿ ಉಸಿರು ಜೋರಾಗುತ್ತೆ. ನಿಕೋಟಿನ್ ತುಂಬಾ ಜಾಸ್ತಿಯಾದರೆ ಉಲ್ಟಾ, ಅದೇ ನರಗಳ ದಾರಿ ಜಾಮ್ ಆಗಿ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ.

ನಿಮ್ಮ ಮನೆಯವರ ಮೈಗೆ ದಿನಾ ನಿಕೋಟಿನ್ ಅಭ್ಯಾಸ, ಅದಕ್ಕೇ ವಾಂತಿ ಬರಲ್ಲ. ಅದನ್ನು ಗಟ್ಟಿತನ ಅಂದುಕೊಳ್ಳೋದು ಬೇಡ. ನೀವು ಎಲೆ ಮೇಲಿನ ನೀರು ಆರಿದ ಮೇಲೆ ಮುರಿಯಿರಿ. ಆಗದಿದ್ದರೆ ಕೈಗವಸು, ಉದ್ದ ತೋಳಿನ ಅಂಗಿ, ಮೇಲೆ ಪ್ಲಾಸ್ಟಿಕ್ ಹಾಕಿಕೊಳ್ಳಿ, ಒದ್ದೆ ಬಟ್ಟೆ ತಕ್ಷಣ ಬದಲಾಯಿಸಿ, ಸೋಪು ಹಾಕಿ ಮೈ ತೊಳೆಯಿರಿ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಸರಿಹೋಗುತ್ತೆ. ಆದರೆ ಔಷಧಿ ಹೊಡೆದ ಹೊಲವಾದರೆ ಕೀಟನಾಶಕದ ವಿಷಕ್ಕೂ ಹೆಚ್ಚುಕಡಿಮೆ ಇದೇ ಲಕ್ಷಣ, ಆಗ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಬಸುರಿಯರನ್ನಂತೂ ಈ ಕೆಲಸಕ್ಕೆ ಕಳಿಸಲೇಬೇಡಿ.

ಪ್ರಶ್ನೆ: ವಯಸ್ಸು 48. ದಿನಕ್ಕೆ ಹದಿನೈದು ಸಿಗರೇಟು. ಕ್ಲಿನಿಕ್ಕಿನಲ್ಲಿ ಬಿಪಿ 128/82, ಮನೆಯಲ್ಲಿ 138/90. ನಮ್ಮ ಮೆಷಿನ್ ಕೆಟ್ಟಿದೆಯಾ?

ಉತ್ತರ: ಮೆಷಿನ್ನನ್ನು ಕ್ಲಿನಿಕ್ಕಿಗೇ ಒಯ್ದು ಅಲ್ಲಿಯದರ ಜೊತೆ ಹೋಲಿಸಿ ನೋಡಿ, ಅದು ಸುಲಭ. ಆದರೆ ನನ್ನ ಅನುಮಾನ ಬೇರೆ. ಡಾಕ್ಟರ್ ಹತ್ತಿರ ಒಂದು ಗಂಟೆ ಬೆಂಚಿನ ಮೇಲೆ ಕಾಯುತ್ತೀರಿ, ಅಲ್ಲಿ ಸೇದೋ ಹಾಗಿಲ್ಲ, ಹಾಗಾಗಿ ಬಿಪಿ ಇಳಿದಿರುತ್ತೆ. ಮನೆಯಲ್ಲಿ? ಕಾಫಿ, ಸಿಗರೇಟು, ಆಮೇಲೆ ಮೆಷಿನ್. ಒಂದು ಸಿಗರೇಟಿಗೆ ಮೇಲಿನ ಬಿಪಿ 5ರಿಂದ 10 ಅಂಕ, ನಾಡಿ ನಿಮಿಷಕ್ಕೆ 10-15 ಬಡಿತ ಏರಬಹುದು. ಜೊತೆಗೆ ಕಾಫಿ ಇದ್ದರೆ ಇನ್ನೂ ಹೊತ್ತು ಏರಿಯೇ ಇರುತ್ತೆ. ಎಚ್ಚರ ಇರುವ ಹದಿನಾರು ಗಂಟೆಯಲ್ಲಿ ಹದಿನೈದು ಸಿಗರೇಟು ಅಂದರೆ ಹೆಚ್ಚುಕಡಿಮೆ ಗಂಟೆಗೊಂದು. ಒಂದರ ಏಟು ಇಳಿಯುವಷ್ಟರಲ್ಲಿ ಇನ್ನೊಂದು. ಹಾಗಾಗಿ ಕ್ಲಿನಿಕ್ಕಿನ ಲೆಕ್ಕ ನಿಜ, ಆದರೆ ನಿಮ್ಮ ಹೃದಯ ದಿನವಿಡೀ ಬದುಕುವುದು ಮನೆಯ ಲೆಕ್ಕದಲ್ಲಿ. ಬಿಪಿ ನೋಡುವ ಅರ್ಧ ಗಂಟೆ ಮುಂಚೆ ಸೇದಬೇಡಿ ಅನ್ನೋದು ನಿಯಮ, ಅದನ್ನು ಪಾಲಿಸಿ. ಅದರ ಜೊತೆಗೆ ಒಂದು ವಾರ, ಸೇದಿ ಎಷ್ಟು ಹೊತ್ತಾಗಿತ್ತು ಅಂತಲೂ ಪಕ್ಕದಲ್ಲಿ ಬರೆದು ಆ ಚೀಟಿ ಡಾಕ್ಟರಿಗೆ ಕೊಡಿ.

ಶ್ವಾಸಕೋಶದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ದೊಡ್ಡ ಕಳ್ಳ ನಿಕೋಟಿನ್ ಅಲ್ಲ, ಹೊಗೆ. ಕಫ ಮೇಲಕ್ಕೆ ತಳ್ಳುವ ಸಣ್ಣ ರೋಮಗಳನ್ನು ಹೊಗೆ ಕೆಡಿಸುತ್ತೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅಂಟುತ್ತೆ. ಒಂದು ಕಡೆ ನಿಕೋಟಿನ್ ಹೃದಯವನ್ನು ಓಡು ಅನ್ನುತ್ತೆ, ಇನ್ನೊಂದು ಕಡೆ ಹೊಗೆ ಅದರ ಬುತ್ತಿ ಕಿತ್ತುಕೊಳ್ಳುತ್ತೆ.

ಪ್ರಶ್ನೆ: ಸಿಗರೇಟು ಬಿಟ್ಟು ಹತ್ತು ದಿನ. 2 ಮಿಲಿಗ್ರಾಂ ನಿಕೋಟಿನ್ ಗಮ್ ಜಗಿಯುತ್ತೇನೆ. ರಾತ್ರಿ ನಿದ್ದೆ ಇಲ್ಲ, ಎದೆ ಬಡಿತ ಕೇಳಿಸುತ್ತೆ. ಗಮ್ ಬಿಡಲಾ?

ಉತ್ತರ: ದಿನಕ್ಕೆ ಎಷ್ಟು ಕಾಫಿ, ಅದನ್ನು ಬರೆದೇ ಇಲ್ಲವಲ್ಲ! ಸೇದುವವರ ಲಿವರ್ ಕಾಫಿಯಲ್ಲಿರುವ ಕೆಫೀನನ್ನು ಬೇಗ ಕರಗಿಸುತ್ತೆ, ಅದನ್ನು ಮಾಡಿಸುವುದೂ ಹೊಗೆಯೇ, ನಿಕೋಟಿನ್ ಅಲ್ಲ. ಹೊಗೆ ನಿಂತಿತು, ಈಗ ಕೆಫೀನ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ಅದೇ ನಾಲ್ಕು ಲೋಟ ಕಾಫಿ ಈಗ ಏಳೆಂಟು ಲೋಟದ ಹಾಗೆ ಕೆಲಸ ಮಾಡಬಹುದು. ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆ ಕೆಡೋದೂ ಉಂಟು. ಹಾಗಾಗಿ ಗಮ್ ಬಿಟ್ಟು ಸಿಗರೇಟಿಗೆ ವಾಪಸ್ ಹೋಗಬೇಡಿ, ಕಾಫಿಯನ್ನು ಅರ್ಧ ಮಾಡಿ, ಸಂಜೆ ಮೇಲೆ ಬೇಡವೇ ಬೇಡ.

ಗಮ್ಮನ್ನು ಚೂಯಿಂಗ್ ಗಮ್ ಹಾಗೆ ಪಟಪಟ ಜಗಿಯಬೇಡಿ. ನಿಧಾನವಾಗಿ ಜಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆ ಸಂದಿಯಲ್ಲಿ ಇಟ್ಟುಕೊಳ್ಳಿ, ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ. ಕಾಫಿ ಕುಡಿದ ಹದಿನೈದು ನಿಮಿಷ ಗಮ್ ಹಾಕಬೇಡಿ, ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಗೆ ಇಳಿಯಲ್ಲ. ಹೊಗೆಸೊಪ್ಪಿಗೆ ಸುಣ್ಣ ಸೇರಿಸಿ ತಿಕ್ಕುವುದು ಇದರ ಉಲ್ಟಾ, ಸುಣ್ಣ ಬಿದ್ದರೆ ನಿಕೋಟಿನ್ ಸರಾಗವಾಗಿ ಇಳಿಯುತ್ತೆ, ನಮ್ಮ ಅಜ್ಜಂದಿರಿಗೆ ಕೆಮಿಸ್ಟ್ರಿ ಓದದೇ ಗೊತ್ತಿದ್ದ ವಿಷಯ. ಕಾಫಿ ಕಡಿಮೆ ಮಾಡಿದ ಮೇಲೂ ಬಡಿತ ನಿಲ್ಲದಿದ್ದರೆ ಒಂದು ಇಸಿಜಿ ಮಾಡಿಸಿ. ಎದೆ ನೋವು, ಉಸಿರುಕಟ್ಟುವುದು, ತಲೆ ತಿರುಗಿ ಬೀಳುವುದು ಇದ್ದರೆ ಮಾತ್ರ ಮುಂದಿನ ಸಂಚಿಕೆ ಕಾಯಬೇಡಿ, ಆವತ್ತೇ ಹೋಗಿ.